ಹಾಲುಹಲ್ಲಿನ ಬಿಲ್ ಕಟ್ಟೋದು ಯಾರು?

ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅನ್ನೋ ಗಾದೆ ನಮಗೆಲ್ಲ ಗೊತ್ತು. ಈಗಿನ ಕಾಲಕ್ಕೆ ಅದನ್ನ ಸ್ವಲ್ಪ ತಿದ್ದಿ ಹೇಳಬಹುದು: ಮನೆಯಲ್ಲಿ ಐದು ಲಕ್ಷದ ಆರೋಗ್ಯ ವಿಮೆ ಇರತ್ತೆ, ಮಗುವಿನ ಹುಳುಕು ಹಲ್ಲಿಗೆ ಮಾತ್ರ ಅದರಿಂದ ಐದು ರೂಪಾಯಿಯೂ ಹುಟ್ಟೋದಿಲ್ಲ.

"ನಮಗೇನು ಮದುವೆಯಾ, ಮಕ್ಕಳಾ? ಇದನ್ನ ನಾವ್ಯಾಕೆ ಓದಬೇಕು?" ಅಂತ ಮುಂದಿನ ಲೇಖನಕ್ಕೆ ಹಾರಬೇಡಿ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಆರೇಳು ವರ್ಷದ ತಮ್ಮನೋ, ತಂಗಿಯೋ, ಅಕ್ಕನ ಮಗುವೋ ಇದೆ. ವಿಮೆ ಕಾಗದ ಇಂಗ್ಲಿಷಿನಲ್ಲಿ ಬಂದರೆ "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಸ್ವಲ್ಪ ನೋಡಿ ಹೇಳಪ್ಪಾ" ಅಂತ ಮೊದಲು ನಮ್ಮ ಕೈಗೇ ಬರೋದು. ನಾಳೆ ಪ್ಲೇಸ್‌ಮೆಂಟ್ ಆದರೆ ಆಫರ್ ಲೆಟರ್ ಜೊತೆ ಗ್ರೂಪ್ ಇನ್ಶೂರೆನ್ಸ್ ಅಂತ ಒಂದು ಸಾಲು ಇರತ್ತೆ. ಇನ್ನೂ ಒಂದು ಕಾರಣ ನಮ್ಮ ಮೆಸ್ಸಿನ ಅಡುಗೆಮನೆಯಲ್ಲೇ ಇದೆ. ಅದಕ್ಕೆ ಕೊನೆಯಲ್ಲಿ ಬರೋಣ.

ಬಿದ್ದುಹೋಗೋ ಹಲ್ಲಿಗೆ ಖರ್ಚು ಯಾಕೆ?

ಹಾಲುಹಲ್ಲು ಒಟ್ಟು 20. ಸುಮಾರು ಆರನೇ ತಿಂಗಳಿಗೆ ಮೊದಲ ಹಲ್ಲು ಮೂಡತ್ತೆ, ಮೂರು ವರ್ಷದ ಹೊತ್ತಿಗೆ ಎಲ್ಲವೂ ಬಂದಿರತ್ತೆ. ಆರನೇ ವಯಸ್ಸಿಂದ ಒಂದೊಂದೇ ಬೀಳೋಕೆ ಶುರು. ಆದರೆ ಎಲ್ಲ ಒಟ್ಟಿಗೆ ಬೀಳೋದಿಲ್ಲ. ಮುಂದಿನ ಹಲ್ಲುಗಳು ಮೊದಲು ಬೀಳ್ತವೆ, ಹಿಂದಿನ ದವಡೆ ಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೂ ಇರತ್ತೆ. ಅಂದರೆ ನಾಲ್ಕನೇ ವಯಸ್ಸಿಗೆ ಹುಳುಕಾದ ದವಡೆ ಹಲ್ಲಲ್ಲಿ ಆ ಮಗು ಇನ್ನೂ ಆರೇಳು ವರ್ಷ ಅಗಿದು ತಿನ್ನಬೇಕು.

ಹಾಲುಹಲ್ಲಿಗೆ ಇನ್ನೊಂದು ಕೆಲಸವೂ ಇದೆ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿಯೋ ಹಾಗೆ, ಕೆಳಗಿಂದ ಬರೋ ಶಾಶ್ವತ ಹಲ್ಲಿಗೆ ಅದು ಜಾಗ ಹಿಡಿದಿಟ್ಟಿರತ್ತೆ. ದವಡೆ ಹಲ್ಲನ್ನ ಮುಂಚೆಯೇ ಕೀಳಿಸಿದರೆ ಅಕ್ಕಪಕ್ಕದ ಹಲ್ಲುಗಳು ಆ ಕಡೆ ವಾಲ್ತವೆ, ಹೊಸ ಹಲ್ಲು ಸೊಟ್ಟಗೆ ಬರೋ ಸಾಧ್ಯತೆ ಜಾಸ್ತಿ. ಆಮೇಲೆ ಕ್ಲಿಪ್ ಹಾಕಿಸೋ ಖರ್ಚು. ಜೊತೆಗೆ ಎಷ್ಟೋ ಮನೆಗಳಲ್ಲಿ ಗಮನಕ್ಕೆ ಬಾರದ ವಿಷಯ ಒಂದಿದೆ: ಆರನೇ ವಯಸ್ಸಿಗೆ ಯಾವ ಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಒಂದು ಹೊಸ ದವಡೆ ಹಲ್ಲು ಬರತ್ತೆ. ಅದು ಶಾಶ್ವತ ಹಲ್ಲು. ಹಾಲುಹಲ್ಲು ಅಂದುಕೊಂಡು "ಬಿದ್ದುಹೋಗತ್ತೆ ಬಿಡು" ಅಂತ ಬಿಟ್ಟರೆ ಅದಕ್ಕೆ ಬದಲಿ ಹಲ್ಲು ಬರೋದಿಲ್ಲ.

ಹುಳುಕು ಅಂದರೆ ಹುಳ ಅಲ್ಲ, ಕೆಮಿಸ್ಟ್ರಿ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಿಂದ ಖನಿಜಗಳು ಕರಗೋಕೆ ಶುರುವಾಗತ್ತೆ. ಎಂಜಲು ಮತ್ತು ಫ್ಲೋರೈಡ್ ಅದನ್ನ ಮತ್ತೆ ತುಂಬಿಸೋ ಪ್ರಯತ್ನ ಮಾಡ್ತವೆ. ದಿನವಿಡೀ ಒಂದೊಂದೇ ಚಾಕಲೇಟ್ ಚೀಪ್ತಾ ಇದ್ದರೆ ತುಂಬಿಸಿಕೊಳ್ಳೋಕೆ ಸಮಯವೇ ಸಿಗೋದಿಲ್ಲ. ಹಾಲುಹಲ್ಲಿನ ಎನಾಮಲ್ ತೆಳುವಾದ್ದರಿಂದ ಹುಳುಕು ಬೇಗ ನರದವರೆಗೆ ಹೋಗತ್ತೆ.

ಖರ್ಚು ಮೆಟ್ಟಿಲಿನ ಹಾಗೆ ಏರೋದು ಇಲ್ಲೇ. ಬಿಳಿ ಕಲೆ ಇದ್ದಾಗ ಫ್ಲೋರೈಡ್ ವಾರ್ನಿಶ್ ಹಚ್ಚಿದರೆ ಸಾಕಾಗಬಹುದು. ತೂತಾದರೆ ಫಿಲ್ಲಿಂಗ್. ನರಕ್ಕೆ ತಲುಪಿದರೆ ರೂಟ್ ಕೆನಾಲ್ ಥರದ ಚಿಕಿತ್ಸೆ, ಮೇಲೊಂದು ಕ್ಯಾಪ್. ಕೀವಾದರೆ ಕೀಳಿಸೋದು, ಆ ಜಾಗ ಕಾಯೋಕೆ ಒಂದು ಸ್ಪೇಸ್ ಮೆಂಟೇನರ್. ಒಂದೊಂದು ಮೆಟ್ಟಿಲು ಹತ್ತಿದ ಹಾಗೂ ಬಿಲ್ ದೊಡ್ಡದಾಗ್ತಾ ಹೋಗತ್ತೆ. ಮೆಷಿನ್ ಕೆಟ್ಟ ಮೇಲೆ ರಿಪೇರಿ ಮಾಡೋದಕ್ಕೂ ಕಾಲಕಾಲಕ್ಕೆ ಗ್ರೀಸ್ ಹಾಕೋದಕ್ಕೂ ಇರೋ ವ್ಯತ್ಯಾಸ ನಾವು ಕ್ಲಾಸಲ್ಲೇ ಓದಿದ್ದೀವಿ.

ವಿಮೆ ಇಲ್ಲಿ ಯಾಕೆ ಕೈ ಕೊಡತ್ತೆ?

ವಿಮೆ ಅಂದರೆ ಅಪರೂಪಕ್ಕೆ ಬರೋ ದೊಡ್ಡ ಖರ್ಚನ್ನ ತುಂಬ ಜನ ಹಂಚಿಕೊಳ್ಳೋದು. ಸುಮ್ಮನೆ ಲೆಕ್ಕಕ್ಕೆ ಅಂತ 1,000 ಮನೆ ತಗೊಳ್ಳೋಣ. ವರ್ಷಕ್ಕೆ ಹತ್ತು ಮನೆಗೆ ತಲಾ 5 ಲಕ್ಷದ ಆಸ್ಪತ್ರೆ ಖರ್ಚು ಬಂದರೆ ಒಟ್ಟು 50 ಲಕ್ಷ, ಮನೆಗೆ 5,000. ಐದು ಸಾವಿರ ಕೊಟ್ಟು 5 ಲಕ್ಷದ ಭಯದಿಂದ ಪಾರಾದ ಹಾಗಾಯ್ತು.

ಈಗ ಹಲ್ಲಿನ ಲೆಕ್ಕ. 1,000 ಮಕ್ಕಳಲ್ಲಿ 600 ಮಕ್ಕಳಿಗೆ ತಲಾ 2,000 ಖರ್ಚಾದರೆ ಒಟ್ಟು 12 ಲಕ್ಷ, ಮಗುವಿಗೆ 1,200. ಅದರ ಮೇಲೆ ಕಂಪನಿಯ ಖರ್ಚು, ಏಜೆಂಟರ ಕಮಿಷನ್ ಸೇರಿಸಿದರೆ ಪ್ರೀಮಿಯಂ ಹೆಚ್ಚು ಕಡಿಮೆ ಬಿಲ್ಲಿನ ಹತ್ತಿರವೇ ಬರತ್ತೆ. ಸಾಲದ್ದಕ್ಕೆ, ಹಲ್ಲು ಈಗಾಗಲೇ ಹಾಳಾಗಿರೋ ಮಕ್ಕಳ ಅಪ್ಪ ಅಮ್ಮಂದಿರೇ ಇಂಥ ಪಾಲಿಸಿ ಹುಡುಕಿಕೊಂಡು ಬರ್ತಾರೆ, ಉಳಿದವರು ಬರಲ್ಲ. ಆಗ ಪ್ರೀಮಿಯಂ ಇನ್ನೂ ಏರತ್ತೆ. ಅದಕ್ಕೇ ಕಂಪನಿಗಳು ಕಾಯುವ ಅವಧಿ, ವರ್ಷದ ಮಿತಿ ಅಂತೆಲ್ಲ ಬೇಲಿ ಹಾಕೋದು.

ಎರಡನೇ ಕಾರಣ ನಮ್ಮ ದೇಶದ ಪಾಲಿಸಿಗಳ ರಚನೆ. ಬಹುಪಾಲು ಪಾಲಿಸಿಗಳು ಆಸ್ಪತ್ರೆಗೆ ಅಡ್ಮಿಟ್ ಆದಾಗ ಅಥವಾ ಪಟ್ಟಿಯಲ್ಲಿರೋ ಡೇ ಕೇರ್ ಚಿಕಿತ್ಸೆ ಆದಾಗ ಮಾತ್ರ ದುಡ್ಡು ಕೊಡ್ತವೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅರ್ಧ ಗಂಟೆ ಕೂತು ಎದ್ದು ಬರೋದು ಹೊರರೋಗಿ ಚಿಕಿತ್ಸೆ, ಅಂದರೆ ಓಪಿಡಿ. ಅಪಘಾತದಲ್ಲಿ ದವಡೆಗೆ ಪೆಟ್ಟಾಗಿ ಅಡ್ಮಿಟ್ ಆದರೆ ಸಾಮಾನ್ಯವಾಗಿ ಸಿಗತ್ತೆ, ಹುಳುಕಿಗೆ ಸಿಗೋದಿಲ್ಲ.

ಪಾಲಿಸಿ ಕಾಗದ ಹೇಗೆ ಓದಬೇಕು?

ಮನೆಯವರು ಕಾಗದ ಕೈಗೆ ಕೊಟ್ಟಾಗ ಈ ಪ್ರಶ್ನೆಗಳನ್ನ ಹಿಡಿದು ಓದಿ.

1. ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯಲ್ಲಿ ಡೆಂಟಲ್ ಅಂತ ಇದೆಯಾ? ಇದ್ದರೆ ಅಪಘಾತಕ್ಕೆ ವಿನಾಯಿತಿ ಇದೆಯಾ, ಅಡ್ಮಿಟ್ ಆಗಲೇಬೇಕಾ?

2. ಓಪಿಡಿ ಕವರ್ ಇದೆಯಾ? ಇದ್ದರೆ ಅದರೊಳಗೆ ಹಲ್ಲು ಸೇರಿದೆಯಾ, ವರ್ಷಕ್ಕೆ ಎಷ್ಟು ಮಿತಿ? ಪಾಲಿಸಿ ಮೇಲೆ 5 ಲಕ್ಷ ಅಂತಿದ್ದರೂ ಓಪಿಡಿ ಮಿತಿ ಅದರಲ್ಲಿ ಒಂದು ಚೂರು ಮಾತ್ರ ಇರಬಹುದು.

3. ಕಾಯುವ ಅವಧಿ ಎಷ್ಟು? ಇವತ್ತು ಪಾಲಿಸಿ ತಗೊಂಡು ನಾಳೆ ಫಿಲ್ಲಿಂಗ್ ಮಾಡಿಸೋಕೆ ಆಗಲ್ಲ. ಮೊದಲೇ ಇದ್ದ ಕಾಯಿಲೆಗೆ 36 ತಿಂಗಳಿಗಿಂತ ಹೆಚ್ಚು ಕಾಯಿಸುವ ಹಾಗಿಲ್ಲ ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಿಯಮ ಮಾಡಿದೆ.

4. ಕೋ-ಪೇ ಎಷ್ಟು? 20 ಪರ್ಸೆಂಟ್ ಅಂತಿದ್ದರೆ 3,000ದ ಬಿಲ್ಲಿಗೆ 600 ನಮ್ಮ ಜೇಬಿಂದಲೇ.

5. ಕ್ಲಿಪ್ ಸೇರಿದೆಯಾ? ಡೆಂಟಲ್ ಇರೋ ಪಾಲಿಸಿಗಳಲ್ಲೂ ಇದನ್ನ ಸೌಂದರ್ಯದ ಚಿಕಿತ್ಸೆ ಅಂತ ಹೊರಗಿಡೋದು ಸಾಮಾನ್ಯ.

6. ಇದು ನಿಜಕ್ಕೂ ವಿಮೆಯಾ? ಕ್ಲಿನಿಕ್ಕುಗಳು ಮಾರೋ ಮೆಂಬರ್‌ಶಿಪ್ ಕಾರ್ಡ್ ಬರೀ ರಿಯಾಯಿತಿ ಕಾರ್ಡ್. ಅದರ ಮೇಲೆ ವಿಮಾ ಪ್ರಾಧಿಕಾರದ ಹಿಡಿತ ಇರೋದಿಲ್ಲ.

ನಮ್ಮ ಕನ್ನಡ ಸಂಘದವರಿಗೆ ಖುಷಿ ಕೊಡೋ ವಿಷಯ ಒಂದಿದೆ. ಪ್ರತಿ ಪಾಲಿಸಿ ಜೊತೆ ಸರಳವಾದ ಗ್ರಾಹಕ ಮಾಹಿತಿ ಪತ್ರ ಕೊಡಬೇಕು, ಕೇಳಿದರೆ ಅದನ್ನ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಅನ್ನೋ ನಿಯಮ 2024ರ ಜನವರಿಯಿಂದ ಇದೆ. ಅಪ್ಪ ಅಮ್ಮನ ಪರವಾಗಿ ಕನ್ನಡದಲ್ಲೇ ಕೊಡಿ ಅಂತ ಕೇಳೋಣ. ಪಾಲಿಸಿ ಇಷ್ಟವಾಗದಿದ್ದರೆ ಹಿಂದಿರುಗಿಸೋಕೆ 30 ದಿನ ಸಮಯ ಇರತ್ತೆ. ಕಂಪನಿ ಕ್ಲೇಮ್ ತಿರಸ್ಕರಿಸಿ, ದೂರು ಕೊಟ್ಟರೂ ಬಗೆಹರಿಯದಿದ್ದರೆ ಬೆಂಗಳೂರಿನಲ್ಲೇ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ಫೀಸ್ ಇಲ್ಲ, ವಕೀಲರೂ ಬೇಡ.

ಹಾಗಾದರೆ ಹಲ್ಲಿನ ವಿಮೆ ಎಲ್ಲೂ ನಡೆಯೋದೇ ಇಲ್ವಾ?

ನಡೆಯತ್ತೆ. ಅಮೆರಿಕಕ್ಕೆ ಹೋದ ನಮ್ಮ ಸೀನಿಯರ್‌ಗಳನ್ನ ಕೇಳಿ, ಅಲ್ಲಿ ಹಲ್ಲಿಗೆ ಬೇರೆಯೇ ಪಾಲಿಸಿ. ಸಾಮಾನ್ಯ ಮಾದರಿ 100-80-50: ತಪಾಸಣೆ ಮತ್ತು ಕ್ಲೀನಿಂಗಿಗೆ ಪೂರ್ತಿ, ಫಿಲ್ಲಿಂಗಿಗೆ 80 ಪರ್ಸೆಂಟ್, ಕ್ಯಾಪ್ ಥರದ ದೊಡ್ಡ ಕೆಲಸಕ್ಕೆ ಅರ್ಧ. ಮೊದಲು ನಾವು ಕಟ್ಟಬೇಕಾದ ಡಿಡಕ್ಟಿಬಲ್ 50 ಡಾಲರ್ ಅಂತಿಟ್ಟುಕೊಳ್ಳಿ. 250 ಡಾಲರಿನ ಫಿಲ್ಲಿಂಗಿನಲ್ಲಿ ಉಳಿದ 200ರ 80 ಪರ್ಸೆಂಟ್, ಅಂದರೆ 160 ಕಂಪನಿದು, 90 ನಮ್ಮದು. ತಪಾಸಣೆಗೆ ಮಾತ್ರ ಪೂರ್ತಿ ದುಡ್ಡು ಕೊಡೋದು ಔದಾರ್ಯದಿಂದ ಅಲ್ಲ. ಬೇಗ ಹಿಡಿದರೆ ಕಂಪನಿಗೇ ಖರ್ಚು ಕಡಿಮೆ.

ಈ ಪದ್ಧತಿ ಹುಟ್ಟಿದ ಕಥೆಯೂ ಚೆನ್ನಾಗಿದೆ. 1954ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಹಡಗುಕಟ್ಟೆ ಹಮಾಲರ ಸಂಘ, ತಮ್ಮ ಸದಸ್ಯರ ಮಕ್ಕಳ ಹಲ್ಲಿಗೆ ಒಂದು ವ್ಯವಸ್ಥೆ ಬೇಕು ಅಂತ ದಂತವೈದ್ಯರ ಸಂಘಗಳ ಜೊತೆ ಮಾತಾಡಿತು. ಅಲ್ಲಿನ ಹಲ್ಲಿನ ವಿಮೆ ಬೆಳೆದದ್ದು ಅದರಿಂದ. ಅಂದರೆ ಅದರ ಮೂಲದಲ್ಲಿ ಇದ್ದದ್ದು ಮೂಟೆ ಹೊರೋರ ಮಕ್ಕಳು.

ನಮ್ಮಲ್ಲಿ ಎಲ್ಲಿ ಹೋಗಬಹುದು?

ಸರ್ಕಾರಿ ಶಾಲೆ, ಅಂಗನವಾಡಿ ಮಕ್ಕಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ತಪಾಸಣಾ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅವರು ನೋಡೋ ತೊಂದರೆಗಳಲ್ಲಿ ಹುಳುಕು ಹಲ್ಲು, ಸೀಳುತುಟಿ ಎರಡೂ ಇವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗತ್ತೆ. ಆದರೆ ಅದೂ ಮುಖ್ಯವಾಗಿ ಆಸ್ಪತ್ರೆಗೆ ಸೇರಿಸುವಂಥ ಚಿಕಿತ್ಸೆಗೆ, ಕ್ಲಿನಿಕ್ಕಿನ ಫಿಲ್ಲಿಂಗಿಗೆ ಅಲ್ಲ.

ಕಡಿಮೆ ಖರ್ಚಿನ ದಾರಿ ಡೆಂಟಲ್ ಕಾಲೇಜು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಹತ್ತಿರ ಸರ್ಕಾರಿ ದಂತ ಕಾಲೇಜು ಇದೆ, ರಾಜ್ಯದ ಬಹಳಷ್ಟು ಜಿಲ್ಲೆಗಳಲ್ಲಿ ಖಾಸಗಿ ಡೆಂಟಲ್ ಕಾಲೇಜುಗಳಿವೆ. ನಮಗೆ ಲ್ಯಾಬ್ ಇದ್ದ ಹಾಗೆ ಅಲ್ಲಿನ ವಿದ್ಯಾರ್ಥಿಗಳಿಗೆ ರೋಗಿಗಳು ಬೇಕು, ಹಾಗಾಗಿ ದರ ಸಾಮಾನ್ಯವಾಗಿ ಕ್ಲಿನಿಕ್ಕಿಗಿಂತ ಕಡಿಮೆ. ಪ್ರೊಫೆಸರ್ ಪಕ್ಕದಲ್ಲೇ ಇರ್ತಾರೆ. ಕಾಯೋ ತಾಳ್ಮೆ ಮಾತ್ರ ಬೇಕು.

ಈಗ ಮೆಸ್ಸಿನ ವಿಷಯ. ಇಎಸ್‌ಐ ವ್ಯಾಪ್ತಿಗೆ ಬರೋ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಂದ 0.75 ಪರ್ಸೆಂಟ್ ಹಿಡೀತಾರೆ, ಮಾಲೀಕರು 3.25 ಪರ್ಸೆಂಟ್ ಕಟ್ತಾರೆ. 15,000 ಸಂಬಳದ ಅಣ್ಣನಿಗೆ ತಿಂಗಳಿಗೆ 112 ರೂಪಾಯಿ 50 ಪೈಸೆ ಕಡಿತ. ಇದರಲ್ಲಿ ಅಡ್ಮಿಟ್ ಆಗಲೇಬೇಕು ಅನ್ನೋ ಷರತ್ತಿಲ್ಲ. ಹೊರರೋಗಿ ಚಿಕಿತ್ಸೆ ಸೇರಿದೆ, ಹೆಂಡತಿ ಮಕ್ಕಳು ಸೇರಿದ್ದಾರೆ, ಕೆಲಸಕ್ಕೆ ಸೇರಿದ ದಿನದಿಂದಲೇ ವೈದ್ಯಕೀಯ ಸೌಲಭ್ಯ ಇದೆ. ಇಎಸ್‌ಐ ಆಸ್ಪತ್ರೆಗಳಲ್ಲಿ ದಂತ ವಿಭಾಗಗಳಿವೆ. ಕಲಬುರಗಿಯಲ್ಲಂತೂ ಇಎಸ್‌ಐ ನಿಗಮದ್ದೇ ಡೆಂಟಲ್ ಕಾಲೇಜು ಇದೆ. ಐದು ಲಕ್ಷದ ಖಾಸಗಿ ಪಾಲಿಸಿ ಮಾಡದ ಕೆಲಸವನ್ನ ಈ ನೂರಾಹನ್ನೆರಡು ರೂಪಾಯಿ ಮಾಡತ್ತೆ.

ಆದರೆ ಸಂಬಳದ ಚೀಟಿಯಲ್ಲಿ ಇಎಸ್‌ಐ ಅಂತ ಕಡಿತ ಕಂಡರೂ, ಮಗುವಿನ ಹಲ್ಲು ನೋವಿಗೂ ಅದು ಆಗತ್ತೆ ಅಂತ ಗೊತ್ತಿಲ್ಲದೆ ಮೆಡಿಕಲ್ ಶಾಪಿನ ನೋವಿನ ಮಾತ್ರೆಯಲ್ಲೇ ದಿನ ದೂಡೋರು ಇರ್ತಾರೆ. ಹಾಸ್ಟೆಲ್ ಮೆಸ್ಸಿನಲ್ಲಿ, ಹೌಸ್‌ಕೀಪಿಂಗಿನಲ್ಲಿ, ಗೇಟಿನಲ್ಲಿ ಕೆಲಸ ಮಾಡೋ ಅಣ್ಣ ಅಕ್ಕಂದಿರನ್ನ ಮೂರು ಪ್ರಶ್ನೆ ಕೇಳೋಣ: ನಿಮ್ಮ ಸಂಬಳದಲ್ಲಿ ಇಎಸ್‌ಐ ಹಿಡೀತಾರಾ? ನಿಮ್ಮ ಇಎಸ್‌ಐ ನಂಬರ್ ಗೊತ್ತಾ? ಅದರಲ್ಲಿ ಮಕ್ಕಳ ಹೆಸರು ಸೇರಿಸಿದ್ದೀರಾ? ಸೇರಿಸಿಲ್ಲ ಅಂದರೆ ಅವರ ಜೊತೆ ಕೂತು, ಬೇಕಾದ ಕಾಗದ ಜೋಡಿಸಿ, ಕಂಟ್ರಾಕ್ಟರ್ ಆಫೀಸಿಗೆ ಒಂದು ಅರ್ಜಿ ಬರೆದುಕೊಡೋದಕ್ಕೆ ನಮಗೆ ಅರ್ಧ ಗಂಟೆ ಸಾಕು.