ಸಂಘಕ್ಕೆ ಸಿ.ಸಿ. ಕ್ಯಾಮೆರಾ: ಕೊಳ್ಳುವ ಮುನ್ನ ತಿಳಿಯಬೇಕಾದ್ದು

ಶಿಕಾರಿಪುರ, ಸೊರಬ ತಾಲ್ಲೂಕುಗಳ ಸಂಘಗಳಿಗೆ ಹೋದಾಗ ರಾಸುಗಳ ವಿಷಯ ಮುಗಿದ ಮೇಲೆ ಆಡಳಿತ ಮಂಡಳಿಯವರು ಈಗೀಗ ಮತ್ತೊಂದು ಪ್ರಶ್ನೆ ಕೇಳುತ್ತಾರೆ: "ಡಾಕ್ಟ್ರೇ, ಸಂಘಕ್ಕೆ ಕ್ಯಾಮೆರಾ ಹಾಕಿಸೋಣ ಅಂತಿದೀವಿ, ಎಂಥದ್ದು ತಗೊಳ್ಳೋದು?" ಇದು ಪಶುವೈದ್ಯನ ವಿದ್ಯೆಯಲ್ಲವಾದರೂ ಹಲವು ಕಡೆ ಹಾಕಿಸಿದ್ದನ್ನು ಕಂಡಿರುವುದರಿಂದ ತಿಳಿದಷ್ಟನ್ನು ಬರೆದಿದ್ದೇನೆ.

ಅಂಗಡಿಯವರು ಕೇಳುವುದು "ಎಷ್ಟು ಕ್ಯಾಮೆರಾ?" ಎಂದು. ತಾವು ಮೊದಲು ಕೇಳಿಕೊಳ್ಳಬೇಕಾದ್ದು "ಏನನ್ನು ನೋಡಬೇಕು?" ಎಂದು. ಬಹಳಷ್ಟು ಮಂದಿ ಕಳ್ಳರ ಭಯದಿಂದ ಹೊರಬಾಗಿಲಿಗೇ ಮೊದಲ ಕ್ಯಾಮೆರಾ ಹಾಕಿಸುತ್ತಾರೆ. ಆದರೆ ಸಂಘದಲ್ಲಿ ವರ್ಷವಿಡೀ ಮನಸ್ತಾಪ ತರುವುದು ಕಳ್ಳತನವಲ್ಲ, ಅರ್ಧ ಲೀಟರ್ ಹಾಲಿನ ಲೆಕ್ಕ. "ಮನೇಲಿ ಅಳೆದದ್ದು ಇಷ್ಟು, ಚೀಟಿಯಲ್ಲಿ ಬಂದದ್ದು ಅಷ್ಟು", "ನನ್ನ ಸ್ಯಾಂಪಲ್ ಬೇರೆಯವರದ್ದರ ಜೊತೆ ಅದಲುಬದಲಾಗಿದೆ" ಎಂಬ ಮಾತುಗಳಿಂದಲೇ ಒಳ್ಳೆಯ ಸದಸ್ಯರು ಹಾಲು ಹಾಕುವುದನ್ನು ಬಿಡುತ್ತಾರೆ, ಪ್ರಾಮಾಣಿಕ ಕಾರ್ಯದರ್ಶಿಯೂ ಅನುಮಾನಕ್ಕೆ ಗುರಿಯಾಗುತ್ತಾರೆ. ಆದ್ದರಿಂದ ಮೊದಲ ಕ್ಯಾಮೆರಾ ತೂಕದ ಯಂತ್ರ ಹಾಗೂ ಹಾಲು ಪರೀಕ್ಷಾ ಯಂತ್ರದ ಮೇಲಿರಲಿ.

ಅದನ್ನು ಛಾವಣಿಯ ಮೂಲೆಯಲ್ಲಿ ಕೂರಿಸಿದರೆ ತಲೆಗಳು ಕಾಣುತ್ತವೆಯೇ ಹೊರತು ತೂಕದ ಅಂಕಿ ಕಾಣುವುದಿಲ್ಲ. ಕ್ಯಾಮೆರಾದ ಪೆಟ್ಟಿಗೆಯ ಮೇಲೆ 2.8, 3.6, 6 ಮಿ.ಮೀ. ಎಂದು ಬರೆದಿರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಜಾಗ ಕಾಣುತ್ತದೆ, ಆದರೆ ಪ್ರತಿಯೊಂದೂ ಸಣ್ಣದಾಗಿ ಕಾಣುತ್ತದೆ. 2 ಮೆಗಾಪಿಕ್ಸೆಲ್, 2.8 ಮಿ.ಮೀ. ಕ್ಯಾಮೆರಾದಲ್ಲಿ ಅಪರಿಚಿತರ ಮುಖ ಖಚಿತವಾಗಿ ಗುರುತು ಸಿಗುವುದು ಸುಮಾರು 3 ಮೀಟರ್ ದೂರದವರೆಗೆ ಮಾತ್ರ. ಸಾಲಿಗೆ 2.8, ಅಂಕಿಗಳಿಗೆ ಹತ್ತಿರದಲ್ಲಿ 6 ಮಿ.ಮೀ. ಹೀಗೆ ಎರಡು ಇದ್ದರೆ ಒಳಗಿನ ಕೆಲಸಕ್ಕೆ ಸಾಕು. ಹಣ ಕೊಡುವ ಮೊದಲು ಬೆಳಗಿನ ಕತ್ತಲಲ್ಲಿ, ಟ್ಯೂಬ್‌ಲೈಟ್ ಹಾಕಿ, ಕೆಂಪು ಅಂಕಿ ಓದಲು ಬರುತ್ತದೆಯೇ ಎಂದು ಪರದೆಯ ಮೇಲೆ ತೋರಿಸಲು ಹೇಳಿ.

ಗಡಿಯಾರದ ವಿಷಯವನ್ನು ಯಾರೂ ಗಮನಿಸುವುದಿಲ್ಲ. ಚೀಟಿಯಲ್ಲಿ 6 ಗಂಟೆ 42 ನಿಮಿಷ ಎಂದಿದ್ದು, ಕ್ಯಾಮೆರಾದಲ್ಲಿ 7 ಗಂಟೆ 10 ನಿಮಿಷ ಎಂದಿದ್ದರೆ ಆ ಸದಸ್ಯರ ಹಾಲನ್ನು ಹುಡುಕುವುದು ಹೇಗೆ? ಎರಡೂ ಗಡಿಯಾರಗಳನ್ನು ವಾರಕ್ಕೊಮ್ಮೆ ಸರಿಹೊಂದಿಸಬೇಕು.

ಚಿತ್ರ ಎಷ್ಟು ದಿನ ಉಳಿಯುತ್ತದೆ ಎಂಬುದು ಹಾರ್ಡ್ ಡಿಸ್ಕಿಗೆ ಸೇರಿದ್ದು. ಹೊಸ ಎಚ್.265 ಪದ್ಧತಿಯಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಎಂದಿಟ್ಟುಕೊಂಡರೆ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಜಿ.ಬಿ. ತಿನ್ನುತ್ತದೆ, ನಾಲ್ಕಕ್ಕೆ 86. ಅಂದರೆ 1 ಟಿ.ಬಿ. ಡಿಸ್ಕಿನಲ್ಲಿ 11 ದಿನಕ್ಕೆ ಹಳೆಯದು ಅಳಿಸಿಹೋಗುತ್ತದೆ. ತಕರಾರು ಬರುವುದು ಬಟವಾಡೆಯಾದ ಮೇಲೆ. ಆದ್ದರಿಂದ 2 ಟಿ.ಬಿ.ಗೆ ಕಡಿಮೆ ಬೇಡ. ಎಚ್.264ರ ಹಳೆಯ ಯಂತ್ರವಾದರೆ ಇದರ ಸುಮಾರು ಎರಡರಷ್ಟು ಬೇಕಾದೀತು.

ನಮ್ಮ ಕಡೆ ಕ್ಯಾಮೆರಾ ಕೆಡಿಸುವುದು ಕಳ್ಳರಿಗಿಂತ ಹೆಚ್ಚಾಗಿ ಸಿಡಿಲು ಮತ್ತು ಕರೆಂಟು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಸರಿಯಾದ ಅರ್ಥಿಂಗ್ ಇಲ್ಲದ ಕಟ್ಟಡದಲ್ಲಿ ಇಡೀ ವ್ಯವಸ್ಥೆ ಸುಟ್ಟುಹೋಗಬಹುದು. ಅರ್ಥಿಂಗ್ ಪರೀಕ್ಷೆ ಮೊದಲು, ಕ್ಯಾಮೆರಾ ಆಮೇಲೆ. ರೆಕಾರ್ಡರನ್ನೂ ಹಾಲಿನ ಗಣಕಯಂತ್ರದ ಯು.ಪಿ.ಎಸ್.ಗೇ ಸೇರಿಸುವುದಾದರೆ ಅದರ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ನೋಡಿಕೊಳ್ಳಿ. ಚಂದ್ರಗುತ್ತಿ ಕಡೆಯ ಮಳೆಗೆ ಹೊರಗಿನ ಕ್ಯಾಮೆರಾ ಐ.ಪಿ. 66 ಅಥವಾ 67 ದರ್ಜೆಯದಿರಲಿ. ರಾತ್ರಿ ಅದರ ಕಣ್ಣಿಗೆ ಕಾಣದ ಬೆಳಕಿಗೆ ಹುಳ ಮುತ್ತಿ, ಹುಳಕ್ಕೆ ಜೇಡ ಬಲೆ ಕಟ್ಟಿ, ಚಿತ್ರವೆಲ್ಲ ಬಿಳಿಯಾಗುತ್ತದೆ. ಪೊರಕೆಯಿಂದ ಒರೆಸುವುದಷ್ಟೇ ಇದಕ್ಕೆ ಮದ್ದು!

ರೆಕಾರ್ಡರನ್ನು ಹಣದ ಪೆಟ್ಟಿಗೆಯ ಪಕ್ಕ ಇಡಬೇಡಿ. ಕಳ್ಳ ಎರಡನ್ನೂ ಒಯ್ಯುತ್ತಾನೆ. ಕಂಪನಿಯವರು ಇಟ್ಟ ಪಾಸ್‌ವರ್ಡನ್ನು ಅಂದೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರು ಇತ್ಯಾದಿಗಳನ್ನು ವಶಪಡಿಸಿಕೊಂಡದ್ದು ಇಂಥ ಬದಲಿಸದ ಪಾಸ್‌ವರ್ಡುಗಳಿಂದಲೇ. ಹೊಸ ಪಾಸ್‌ವರ್ಡ್ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರ ಬಳಿಯೂ ಇರಲಿ. ಇಂಟರ್‌ನೆಟ್‌ಗೆ ಸೇರುವ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಸುರಕ್ಷತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿದೆ; ದರಪಟ್ಟಿ ತರಿಸುವಾಗ ಅದರ ಪ್ರಮಾಣಪತ್ರ ಕೇಳಿ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಪೆನ್‌ಡ್ರೈವ್ ಒಂದೇ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ದೃಢೀಕರಣ ಪತ್ರವೂ ಬೇಕು.

ಕ್ಯಾಮೆರಾ ಮನೆಯಲ್ಲೇ ನೀರು ಬೆರೆಸಿದ ಹಾಲನ್ನು ಹಿಡಿಯದು. ಅದಕ್ಕೆ ಪರೀಕ್ಷೆಯೇ ಗತಿ. ಹಾಲು ತರುವವರಲ್ಲಿ ಹೆಣ್ಣುಮಕ್ಕಳೂ ಬಹಳ. ಎದುರು ಮನೆಯ ಅಂಗಳ, ಬಚ್ಚಲ ಕಡೆ ಕ್ಯಾಮೆರಾ ತಿರುಗಿರಬಾರದು; "ಇಲ್ಲಿ ಕ್ಯಾಮೆರಾ ಇದೆ" ಎಂಬ ಫಲಕವೂ ಇರಲಿ.

ಕೆಲವರು ಕೊಟ್ಟಿಗೆಗೂ ಒಂದು ಹಾಕಬಹುದೇ ಎಂದು ಕೇಳಿದ್ದಾರೆ. ತುಂಬು ಗಬ್ಬದ ಹಸು ಇದ್ದರೆ ಧಾರಾಳವಾಗಿ ಹಾಕಿ. ರಾತ್ರಿ ಬೆದೆಗೆ ಬಂದು ಬೆಳಗಾಗುವಷ್ಟರಲ್ಲಿ ಸುಮ್ಮನಾಗುವ ಹಸುಗಳೂ ಸಿಕ್ಕಿಬೀಳುತ್ತವೆ. ಅದರ ವಿವರ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.