ಜಾಲವಿಳಾಸದಲ್ಲಿ ಅಕ್ಷರಭೇದ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳೆಂಬ ಭೇದವಿಲ್ಲ. ರೋಮನ್ ಲಿಪಿಯಲ್ಲಿ ಉಂಟು. ಆದುದರಿಂದ ಜಾಲವಿಳಾಸದಲ್ಲಿ ‘ಅಥಣಿ’ಯ ಮೊದಲಕ್ಷರವು ದೊಡ್ಡದಾಗಿ ಅಚ್ಚಾಗಿದ್ದು, ಓದುಗನು ಅದನ್ನು ಚಿಕ್ಕದಾಗಿ ಒತ್ತಿದರೆ, ‘ಪುಟ ದೊರೆಯಲಿಲ್ಲ’ ಎಂಬ ಉತ್ತರ ಬರಬಹುದು.

ಇದಕ್ಕೆ ಕಾರಣವೇನು? ವಿಳಾಸದ ಡೊಮೇನ್ ಹೆಸರಿನಲ್ಲಿ ಈ ಭೇದವನ್ನು ಗಣಿಸುವುದಿಲ್ಲ. ಅದರ ಮುಂದೆ ಓರೆಗೆರೆಯಿಂದ ಮೊದಲಾಗುವ ದಾರಿಯಲ್ಲಿ ಗಣಿಸುವುದೂ ಬಿಡುವುದೂ ಸರ್ವರಿನ ತಂತ್ರಾಂಶಕ್ಕೆ ಸೇರಿದ್ದು. ಜಾಲತಾಣ ಕಟ್ಟುವ ಫ್ರೇಮ್‌ವರ್ಕ್‌ಗಳಲ್ಲಿ ಎಕ್ಸ್‌ಪ್ರೆಸ್ ಮೂಲಸ್ಥಿತಿಯಲ್ಲಿ ಭೇದವೆಣಿಸದು, ಜಾಂಗೋ ಎಣಿಸುತ್ತದೆ.

ಪರಿಹಾರವು ಸರಳ. ಬಂದ ದಾರಿಯನ್ನು ಚಿಕ್ಕಕ್ಷರಗಳಿಗೆ ತಿರುಗಿಸಿ, ‘ಶಾಶ್ವತ ವರ್ಗಾವಣೆ’ಯೆಂಬ 301ನೆಯ ಸಂಕೇತದೊಡನೆ ಒಂದೇ ಪ್ರಮಾಣರೂಪಕ್ಕೆ ಕಳುಹಬೇಕು. ಒಂದು ಪುಟಕ್ಕೆ ಹಲವು ವಿಳಾಸಗಳಾಗುವ ಗೊಂದಲವೂ ಇದರಿಂದ ತಪ್ಪುವುದು. ಆದರೆ ದಾರಿಯಲ್ಲಿ ಗುಪ್ತಸಂಕೇತವಿದ್ದರೆ ಆ ಭಾಗವನ್ನು ಮುಟ್ಟಕೂಡದು. ಅಲ್ಲಿ ಭೇದವೇ ಅರ್ಥ.

ನಿಪ್ಪಾಣಿಯನ್ನು ರೋಮನ್ ಲಿಪಿಯಲ್ಲಿ ಒಂದು ‘ಪಿ’ಯಿಂದಲೂ ಎರಡರಿಂದಲೂ ಬರೆಯುವರು. ಅದು ಕಾಗುಣಿತದ ಭೇದ. ಎರಡು ದಾರಿಗಳನ್ನೂ ಬೇರೆಬೇರೆಯಾಗಿ ನಮೂದಿಸಬೇಕು.

ಕನ್ನಡದಲ್ಲಿಯೇ ವಿಳಾಸ ಬರೆದರೆ ತೊಡಕಿಲ್ಲವೆನ್ನಲಾಗದು. ‘ಚಿಕ್ಕೋಡಿ’ಯ ಓತ್ವವು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಕೂಟವಾಗಿಯೂ ಇರಬಹುದು. ಕಣ್ಣಿಗೆ ಒಂದಾದುದು ಯಂತ್ರಕ್ಕೆ ಎರಡು. ಅಲ್ಲಿಯೂ ಮೊದಲು ಏಕರೂಪಗೊಳಿಸಿ, ಬಳಿಕ ಹೋಲಿಸಬೇಕು.

ಶಾಲೆಯ ಜಾಲತಾಣವನ್ನು ರಚಿಸುವ ವಿದ್ಯಾರ್ಥಿಗಳು ಈ ನಿಯಮವನ್ನು ಮೊದಲೇ ಅಳವಡಿಸಲಿ. ರಾಯಬಾಗ, ಕಾಗವಾಡಗಳ ಹಳ್ಳಿಯಲ್ಲಿ ಕುಳಿತು ಮಗಳ ಫಲಿತಾಂಶವನ್ನು ಹುಡುಕುವ ಪಾಲಕರು ಒಂದಕ್ಷರದ ಗಾತ್ರಕ್ಕಾಗಿ ನಿರಾಶರಾಗಬಾರದು.