ಕಲ್ಲುಗಣಿಯ ಮೆಟ್ಟಿಲು

ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲವನ್ನು ಸೇರುವುದಕ್ಕಿಂತ ಚಾಮರಾಜನಗರಕ್ಕೆ ಹೋಗಿಬರುವುದೇ ತಮಿಳುನಾಡಿನ ಗಡಿಯ ತಾಳವಾಡಿಯ ಜನಕ್ಕೆ ಸುಲಭ. 1956ರಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿ ಈ ಕನ್ನಡ ಸೀಮೆಯು ಮದರಾಸಿನಲ್ಲಿಯೇ ಉಳಿದ ಮೇಲೆಯೂ ಸಂತೆ, ನಂಟು, ಕೂಲಿಗಳ ದಾರಿಯು ಆ ಕಡೆಗೇ ಇದೆ. ಕಲ್ಲುಗಣಿಗಳೂ ಆ ಕಡೆಗೇ ಇವೆ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆಯ ಮಡಹಳ್ಳಿಯಲ್ಲಿ ಗುಡ್ಡ ಜರಿದು ಕಾರ್ಮಿಕರು ಬಂಡೆಗಳಡಿ ಸಿಕ್ಕಿ ಸತ್ತರು. ಅದೇ ವರ್ಷದ ಡಿಸೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಬಿಸಲವಾಡಿಯ ಗಣಿಯಲ್ಲಿ ಮೂವರು ಮೃತರಾದರು.

ಈ ಸಾವುಗಳನ್ನು ದೈವಾಧೀನವೆಂದು ಹೇಳಿ ಸುಮ್ಮನಾಗಲಾಗದು. ಗಣಿಯೆಂದರೆ ಚಿನ್ನ, ಕಲ್ಲಿದ್ದಲುಗಳ ಪಾತಾಳವೆಂದೇ ನಮ್ಮ ಭಾವನೆ. ಆದರೆ ಮದ್ದು ಸಿಡಿಸುವ, ಇಲ್ಲವೆ 6 ಮೀಟರಿಗಿಂತ ಆಳವಾಗಿ ತೋಡಿದ, ಇಲ್ಲವೆ 50ಕ್ಕಿಂತ ಹೆಚ್ಚು ಮಂದಿ ದುಡಿಯುವ ಕಲ್ಲಿನ ಕ್ವಾರಿಯನ್ನೂ 1952ರ ಗಣಿ ಕಾಯಿದೆಯು ಗಣಿಯೆಂದೇ ಎಣಿಸಿತು. ಗಟ್ಟಿ ನೆಲವನ್ನು ಕೈಕೆಲಸದಿಂದ ಅಗೆಯುವಲ್ಲಿ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕೆಂದೂ, ಮೆಟ್ಟಿಲಿನ ಎತ್ತರವು 6 ಮೀಟರನ್ನು ಮೀರಬಾರದೆಂದೂ, ಅಗಲವು ಎತ್ತರಕ್ಕಿಂತ ಕಡಮೆಯಿರಬಾರದೆಂದೂ 1961ರ ನಿಯಮಾವಳಿಯು ವಿಧಿಸಿತು. ಮೇಲಿನಿಂದ ಕಳಚಿದ ಬಂಡೆಯು ಆ ಅಗಲದಲ್ಲಿಯೇ ತಂಗಲಿ, ತಳದಲ್ಲಿ ದುಡಿಯುವವನ ತಲೆಯ ಮೇಲೆ ಬೀಳದಿರಲಿ ಎಂಬುದೇ ಇದರ ಮರ್ಮ. ಮೆಟ್ಟಿಲಿಗೆ ಜಾಗ ಬೇಕು, ಬೆಲೆಯಿಲ್ಲದ ಮೇಲ್ಮಣ್ಣನ್ನು ಖರ್ಚುಮಾಡಿ ತೆಗೆಯಬೇಕು; ಆದುದರಿಂದಲೇ ಗೋಡೆಯನ್ನು ನೆಟ್ಟಗೆ ಕೆಳಕ್ಕೆ ಕಡಿಯುವ ಆಸೆ ಹುಟ್ಟುತ್ತದೆ. ಮಳೆನೀರು ಬಿರುಕಿಗಿಳಿದು, ಮದ್ದಿನ ಅದಿರಾಟಕ್ಕೆ ಬಿರುಕು ಅಗಲವಾಗಿ, ಒಂದು ದಿನ ಆ ಗೋಡೆ ಜರಿಯುತ್ತದೆ.

ಜರಿಯುವ ಬಂಡೆಯಾದರೂ ಕಣ್ಣಿಗೆ ಕಾಣುವಂಥದು, ಧೂಳು ಹಾಗಲ್ಲ. ಜಾಕ್ ಹ್ಯಾಮರಿಗೆ ಮೈಯೊತ್ತಿ ನಿಂತು ಕುಳಿ ಹೊಡೆಯುವವನ ರೆಪ್ಪೆ, ಮೀಸೆಗಳೆಲ್ಲ ಹಿಟ್ಟಿನಂತಹ ಪುಡಿಯಿಂದ ಬೆಳ್ಳಗಾಗುತ್ತವೆ. ಮೂಗಿಗೆ ಸುತ್ತಿದ ಟವಲು ಆ ದಪ್ಪ ಪುಡಿಯನ್ನು ತಡೆದೀತೇ ಹೊರತು, ಶ್ವಾಸಕೋಶದ ಆಳಕ್ಕಿಳಿದು ಅದನ್ನು ಗಡುಸಾಗಿಸುವ ಸೂಕ್ಷ್ಮ ಸಿಲಿಕಾ ಕಣವನ್ನು ತಡೆಯಲಾರದು. ಕೊರೆಯುವ ಸಲಾಕೆಯೊಳಗಿಂದ ನೀರು ಹಾಯಿಸಿದರೆ ಧೂಳಿನ ಬಹುಪಾಲು ಕೆಸರಾಗಿ ಅಲ್ಲಿಯೇ ಕೂರುತ್ತದೆ. ಇಷ್ಟು ಸರಳವಾದ ಉಪಾಯವನ್ನು ಕೈಬಿಡುವುದು ಅಕ್ಷಮ್ಯ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಪರೀಕ್ಷೆಗೊಳಗಾದ ಕಾರ್ಮಿಕರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿಗೆ ಈ ಧೂಳಿನ ರೋಗವಾದ ಸಿಲಿಕೋಸಿಸ್ ಇದ್ದುದು ತಿಳಿದುಬಂದಿತ್ತು. ಆ ರೋಗವನ್ನು ಗುಣಪಡಿಸುವ ಔಷಧವು ಇಂದಿಗೂ ಇಲ್ಲ.

ಮೇಸ್ತ್ರಿಯ ಮಾತನ್ನೇ ನಂಬಿ, ಈ ವರ್ಷ ಒಂದು ಕ್ವಾರಿ, ಮುಂದಿನ ವರ್ಷ ಮತ್ತೊಂದೆಂದು ಗಡಿಯ ಎರಡೂ ಬದಿಗೆ ದುಡಿದವನಿಗೆ, ಹತ್ತಿಪ್ಪತ್ತು ವರ್ಷಗಳ ಮೇಲೆ ರೋಗ ತಲೆದೋರಿದಾಗ, ಅದು ಯಾರ ಗಣಿಯ ಧೂಳೆಂದು ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಗುತ್ತಿಗೆ ಕೊಡುವುದು ರಾಜ್ಯವಾದರೂ ಗಣಿಯ ಸುರಕ್ಷತೆಯು ಕೇಂದ್ರದ ಹೊಣೆ, ಧನಬಾದಿನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಹೊಣೆ. ಆದುದರಿಂದ ಹಾಜರಿ ಪುಸ್ತಕದಲ್ಲಿ ಹೆಸರನ್ನೂ, ಕೆಲಸಕ್ಕೆ ಸೇರುವಾಗಲೂ ಅನಂತರ ಐದು ವರ್ಷಕ್ಕೊಮ್ಮೆಯೂ ವೈದ್ಯ ತಪಾಸಣೆಯನ್ನೂ, ಅದರ ವರದಿಯ ಪ್ರತಿಯನ್ನೂ ಕೇಳಿ ಪಡೆಯಲು ತಾಳವಾಡಿಯ ಕೂಲಿಕಾರನಿಗೆ ರಾಜ್ಯದ ಗಡಿಯು ಅಡ್ಡಬರಕೂಡದು.